ಮಂದಾರ್ ಮರಳಿ ಬಂದಿದೆಯಂತೆ

ಆರತಿ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದವಳು ಹೊಸ ಕಾರಿನ ಬೆನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ಡಿಕ್ಕಿಯ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಹೆಸರು ಹೊಳೆಯುತ್ತಿತ್ತು: ಮಂದಾರ್.

"ಆಂಟೀ, ಕೈಸೀ ಹೈ? ಪಪ್ಪಂಗೆ ಇನ್ನೂ ಹೇಳಿಲ್ಲ. ಫುಲ್ ಸರ್ಪ್ರೈಸ್!" ಎಂದ ನಿಖಿಲ್. ನಾಲ್ಕೂ ಚಕ್ರದ ಕೆಳಗೆ ಅವನೇ ನಿಂಬೆಹಣ್ಣು ಇಟ್ಟಿದ್ದ. ಹೂವಿನ ಹಾರವನ್ನು ಸರೋಜಿನಿ ನಗರದಿಂದ ತಂದಿದ್ದ. ಆರತಿ ಎತ್ತಲು ಮಾತ್ರ ನಾನೇ ಬೇಕು. ಅವನ ಮನೆಯಲ್ಲಿ ಹೆಂಗಸರಿಲ್ಲ.

ಯಾಕಿಲ್ಲ ಎಂಬುದೇ ಈ ವಾರದ ಕಥೆ.

ನಿಖಿಲ್ ನಮ್ಮ ಮೇಲಿನ ಮನೆಯ ಶ್ರೀಕಂಠಯ್ಯನವರ ಒಬ್ಬನೇ ಮಗ. ಆರ್.ಕೆ.ಪುರಂನ ಈ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಬೆಳೆದ ಹುಡುಗ. ಈಗ ಗುರುಗ್ರಾಮದಲ್ಲಿ ಒಳ್ಳೆಯ ಕೆಲಸ. ಅಪ್ಪ ಈ ತಿಂಗಳು ರಿಟೈರ್ ಆಗುತ್ತಾರೆ. ಇಷ್ಟು ವರ್ಷ ಬಸ್ಸಿನಲ್ಲೇ ಆಫೀಸಿಗೆ ಓಡಾಡಿದ ಅಪ್ಪನಿಗೆ ಒಂದು ಕಾರು ಕೊಡಿಸಬೇಕೆಂದು ಅವನ ಆಸೆ. ತಪ್ಪೇನು?

ತಪ್ಪೇನೂ ಇಲ್ಲ. ಅವನ ಅಮ್ಮ ತೀರಿಕೊಂಡದ್ದು ಮಂದಾರ್ ಕಾರಿನಲ್ಲಿ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಹಳೆಯ ಮಂದಾರ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗುಮಾಸ್ತರು, ಮೇಷ್ಟ್ರುಗಳು ಕೂಡ ಕನಸು ಕಾಣಬಹುದಾಗಿದ್ದ ಪುಟ್ಟ ಕಾರು. ಶ್ರೀಕಂಠಯ್ಯ ಸೆಕೆಂಡ್ ಹ್ಯಾಂಡಿನಲ್ಲಿ ಒಂದನ್ನು ಕೊಂಡು ತಂದ ದಿನ ಇಡೀ ಬ್ಲಾಕಿಗೆ ಪೇಡಾ ಹಂಚಿದ್ದರು. ಆ ಚಳಿಗಾಲದಲ್ಲಿ ಹರಿದ್ವಾರಕ್ಕೆ ಹೋಗಿ ಬರುವಾಗ ಮಂಜಿನಲ್ಲಿ ಹಿಂದಿನಿಂದ ಟ್ರಕ್ ಗುದ್ದಿತು. ದೊಡ್ಡ ಪೆಟ್ಟೇನಲ್ಲ. ಆದರೆ ಬೆಂಕಿ ಹತ್ತಿಕೊಂಡಿತು. ಹಿಂದಿನ ಸೀಟಿನಲ್ಲಿದ್ದ ಸರಳಾ ಮಗುವನ್ನು ಕಿಟಕಿಯಿಂದ ಗಂಡನ ಕೈಗೆ ಕೊಟ್ಟಳು. ಮಗುವಿಗೆ ಸಾಕಾಗುವಷ್ಟು ಕಿಟಕಿ ಅದು. ಬಾಗಿಲು ಮಾತ್ರ ತೆರೆಯಲೇ ಇಲ್ಲ.

ಬೇರೆ ಮಂದಾರ್‌ಗಳಲ್ಲೂ ಆ ಬಾಗಿಲು ಇನ್ನೂ ಕೆಲವರಿಗೆ ತೆರೆದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಪೇಪರಿನವರು ಸ್ವಲ್ಪ ದಿನ ಬರೆದರು. ಕಂಪನಿ ಸದ್ದಿಲ್ಲದೆ ಮಂದಾರ್ ತಯಾರಿಸುವುದನ್ನು ನಿಲ್ಲಿಸಿತು. (ಬೇಡಿಕೆ ಕಡಿಮೆಯಾಯಿತು ಎಂದು ಹೇಳಿಕೆ ಕೊಟ್ಟರು. ಸತ್ತವರು ಹೇಗೆ ಬೇಡಿಕೆ ಸಲ್ಲಿಸುತ್ತಾರೆ?)

ಮಗ ದೊಡ್ಡವನಾದ. ಅಮ್ಮ ಆಕ್ಸಿಡೆಂಟಿನಲ್ಲಿ ಹೋದಳು ಎಂಬುದಷ್ಟೇ ಅವನಿಗೆ ತಿಳಿದದ್ದು. ಸಾವು ತಂದದ್ದರ ಹೆಸರನ್ನು ಮನೆಯೊಳಗೆ ಎತ್ತಬಾರದು ಎನ್ನುವುದು ನಮ್ಮವರ ರೂಢಿ. ಹಾಗಾಗಿ ಶ್ರೀಕಂಠಯ್ಯ 'ಆ ಗಾಡಿ' ಎನ್ನುತ್ತಿದ್ದರು. ಊರಿಂದ ಬಂದು ಮಗು ಸಾಕಿದ, ಈಗಿಲ್ಲದ ಅವರ ತಾಯಿ 'ಆ ಗಾಡಿ' ಎನ್ನುತ್ತಿದ್ದರು. ನಾವೂ ಹಾಗೇ ಅಂದೆವು. ಹೆಸರು ಹೇಳದಿದ್ದರೆ ಅದು ಮತ್ತೆ ಮನೆಗೆ ಬರುವುದಿಲ್ಲ ಎಂದು ನಂಬಿದ್ದೆವು.

ಬಂದು ಅಂಗಳದಲ್ಲಿ ನಿಂತಿತ್ತು. ಹಾರ ಹಾಕಿಕೊಂಡು.

ಒಂದೆರಡು ತಿಂಗಳಿಂದ ಮೋತಿ ಬಾಗ್ ಕಡೆ ದೊಡ್ಡ ಹೋರ್ಡಿಂಗ್ ಎದ್ದಿತ್ತು: ನಿಮ್ಮ ಮನೆಯ ಮಂದಾರ್, ಮರಳಿ ಮನೆಗೆ. ಶ್ರೀಕಂಠಯ್ಯ ಅದರ ಎದುರಿನ ಬಸ್ ಸ್ಟಾಪ್ ಬಿಟ್ಟು ಮುಂದಿನ ಸ್ಟಾಪಿಗೆ ನಡೆದು ಹೋಗುತ್ತಿದ್ದರು. ನಾನು ನೋಡಿದ್ದೆ. ಮಗನಿಗೆ ಅಪ್ಪ ವಾಕಿಂಗ್ ಶುರು ಮಾಡಿದ್ದಾರೆಂದು ಖುಷಿ.

ಇಷ್ಟೆಲ್ಲ ನನ್ನ ತಲೆಯಲ್ಲಿ ಓಡುವಷ್ಟರಲ್ಲಿ ಶ್ರೀಕಂಠಯ್ಯ ಕೆಳಗೆ ಬಂದರು. ಪಂಚೆ, ಮೇಲೊಂದು ಸ್ವೆಟರ್. ಮಗ ಹಿಂದಿನಿಂದ ಅವರ ಕಣ್ಣು ಮುಚ್ಚಿ ಕರೆತಂದು, ಕಾರಿನ ಮುಂದೆ ನಿಲ್ಲಿಸಿ ಕೈ ತೆಗೆದ.

ಅವರು ಮುಗುಳ್ನಕ್ಕರು. ಮಗನ ಬೆನ್ನು ತಟ್ಟಿದರು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಂಭಾಗಕ್ಕೆ ಹೋದವರು ಸ್ವಲ್ಪ ಹೊತ್ತು ಈಚೆಗೆ ಬರಲಿಲ್ಲ. ಆಮೇಲೆ ಹಿಂದಿನ ಬಾಗಿಲಿನ ಹಿಡಿ ಎಳೆದರು. ತೆರೆಯಿತು. ಮುಚ್ಚಿದರು. ಮತ್ತೆ ತೆರೆದರು. ಮತ್ತೆ ಮುಚ್ಚಿದರು.

"ಪಪ್ಪಾ, ಟೂಟ್ ಜಾಯೇಗಾ, ಮುರಿದು ಹೋಗತ್ತೆ!" ಮಗ ನಕ್ಕ. "ಚಲೋ, ಮುಂದೆ ಕೂತ್ಕೊಳ್ಳಿ. ನಿಮ್ಮ ಜಮಾನಾದ ಲೆಜೆಂಡ್ ಇದು. ನಮ್ಮ ಹತ್ರ ಇತ್ತಾ ಮಂದಾರ್, ಆಗ?"

"ಇತ್ತು."

"ಅರೇ! ಯಾವತ್ತೂ ಹೇಳೇ ಇಲ್ಲ! ಏನಾಯ್ತು ಅದು?"

ಅವರು ನನ್ನತ್ತ ನೋಡಿದರು. ನಾನು ಆಗಷ್ಟೇ ಹಚ್ಚಿದ್ದ ಕರ್ಪೂರದತ್ತ ನೋಡಿದೆ.

"ಅದರಲ್ಲೇ ಕಣೋ ನಿಮ್ಮಮ್ಮ ಹೋಗಿದ್ದು," ಎಂದರು ಶ್ರೀಕಂಠಯ್ಯ. ಆಮೇಲೆ, ಶುರು ಮಾಡಿದ್ದನ್ನು ಮುಗಿಸಿಬಿಡಬೇಕು ಎನ್ನುವವರ ಹಾಗೆ, ಟ್ರಕ್ಕು, ಬೆಂಕಿ, ಕಿಟಕಿ, ಬಾಗಿಲು, ಎಲ್ಲವನ್ನೂ ಹೇಳಿದರು. ಫೈಲಿಗೆ ನೋಟ್ ಬರೆಸುವಾಗಿನ ದನಿಯಲ್ಲಿ.

ನಿಖಿಲ್ ಕಾರಿಗೆ ಒರಗಿಕೊಂಡಿದ್ದವನು ಬೆಂಕಿ ತಗುಲಿದಂತೆ ಈಚೆ ಸರಿದ. ನನ್ನ ಕಡೆ ತಿರುಗಿ, "ಆಂಟಿ, ಆಪ್‌ಕೋ ಭೀ ಪತಾ ಥಾ? ಇಡೀ ಬ್ಲಾಕಿಗೆ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ವಾ?" ಎಂದ. ಕರ್ಪೂರ ಆರಿತು. ಆರತಿ ಎತ್ತಲೇ ಇಲ್ಲ.

ಮಾರನೆಯ ದಿನ ಷೋರೂಮಿಗೆ ನನ್ನನ್ನೂ ಕರೆದುಕೊಂಡು ಹೋದ. ಗಾಜಿನ ಅರಮನೆ. ಕಾಫಿ ಕೊಟ್ಟರು. ಅಲ್ಲಿದ್ದ ಹುಡುಗಿ ಬಹಳ ಒಳ್ಳೆಯವಳು. ರಿಜಿಸ್ಟ್ರೇಷನ್ ಆದ ಕಾರು ವಾಪಸ್ ಪಡೆಯುವುದಿಲ್ಲ ಎಂಬುದನ್ನೂ ನೋವಾಗದಂತೆ ಹೇಳಿದಳು.

"ಮತ್ತೆ ಯಾಕೆ ಇದೇ ಹೆಸರು?" ಎಂದೆ.

"ಮೇಡಂ, ಈ ಹೆಸರಿನ ಜೊತೆ ಜನರಿಗೆ ಎಮೋಷನಲ್ ಕನೆಕ್ಟ್ ಇದೆ."

"ಹಳೇದು ಯಾಕೆ ಬಂದ್ ಆಯ್ತು, ಗೊತ್ತಾ ನಿಮಗೆ?" ಎಂದ ನಿಖಿಲ್.

"ಸರ್, ಆಗ ನಾನು ಹುಟ್ಟೇ ಇರಲಿಲ್ಲ."

ಅವಳ ತಪ್ಪೇ? ಅಲ್ಲ. ಗೊತ್ತಿರುವವರೆಲ್ಲ ಮುದುಕರಾಗುವ ತನಕ ಕಾದು ಹೆಸರನ್ನು ಹೊರಗೆ ತೆಗೆದಿದ್ದಾರೆ. ಹಳೆಯದರಿಂದ ಕಾರು ಬೇಡ, ಬಾಗಿಲು ಬೇಡ, ಸತ್ತವರಂತೂ ಬೇಡವೇ ಬೇಡ. ಪ್ರೀತಿ ಮಾತ್ರ ಬೇಕು. ಅದಕ್ಕೊಂದು ಪ್ರೀಮಿಯಂ ರೇಟು.

ನಮ್ಮಲ್ಲೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ. ಆದರೆ ತುಂಬು ಬಾಳು ಬಾಳಿ ಹೋದ ಅಜ್ಜನದು. ಅಕಾಲದಲ್ಲಿ ಹೋದವರ ಹೆಸರಾದರೆ ತೊಟ್ಟಿಲ ಹತ್ತಿರ ಯಾರಾದರೊಬ್ಬರು ಹಿರಿಯರು ಬೇಡ ಎನ್ನುತ್ತಾರೆ. ಕಂಪನಿಯ ಮೀಟಿಂಗಿನಲ್ಲಿ ಅಂಥ ಒಬ್ಬ ಮುದುಕಿಯೂ ಇರಲಿಲ್ಲವೇ?

ಕೊನೆಗೆ ಮ್ಯಾನೇಜರ್ ಬಂದು ನಿಖಿಲನ ಹೆಗಲ ಮೇಲೆ ಕೈ ಇಟ್ಟ. "ಸರ್, ನಾಮ್ ಹೀ ತೋ ಹೈ. ಲೆಟರ್ಸ್ ತೆಗೆಸಿಕೊಡ್ತೀವಿ. ಫ್ರೀ."

ತೆಗೆಸಿಯೂ ಕೊಟ್ಟರು. ಕಾರು ಈಗ ಬೇವಿನ ಮರದ ಕೆಳಗೆ ಕವರ್ ಹೊದ್ದು ನಿಂತಿದೆ. ಶ್ರೀಕಂಠಯ್ಯ ಬಸ್ಸಿಗೇ ಹೋಗುತ್ತಾರೆ. ನಿಖಿಲ್ ಗುರುಗ್ರಾಮದಲ್ಲಿ ಗೆಳೆಯನ ರೂಮಿನಲ್ಲಿದ್ದಾನೆ, ಅಪ್ಪನ ಫೋನ್ ಎತ್ತುತ್ತಿಲ್ಲ. ಅವನ ಸಿಟ್ಟು ಕಾರಿನ ಮೇಲಲ್ಲ.

ನಿನ್ನೆ ಹುಳಿ ಕೊಡಲು ಮೇಲೆ ಹೋಗಿದ್ದೆ. ಡಬ್ಬಿ ತೆಗೆದುಕೊಂಡು ಶ್ರೀಕಂಠಯ್ಯ ಹೇಳಿದರು: "ಅವನಿಗೆ ಅಮ್ಮನ ಮುಖ ನೆನಪಿಲ್ಲ ನೋಡಿ. ಇನ್ನು ಮೇಲೆ ಅಮ್ಮ ಅಂದ್ರೆ ಅವನಿಗೆ ಆ ಬಾಗಿಲೇ ನೆನಪಾಗೋದು."

ಬರೀ ಹೆಸರು ತಾನೇ ಎನ್ನುವ ದೊಡ್ಡ ಮನುಷ್ಯರೇ, ಬರೀ ಹೆಸರೇ ಆಗಿದ್ದರೆ ಬೇರೆಯದೊಂದು ಇಡಲು ನಿಮಗೇನು ಅಡ್ಡಿಯಿತ್ತು?