ಚೋಕ್ ಎಳೆದು ಒದ್ದ ಬೈಕು

ಸಾನಪಾಡಾದಲ್ಲಿ ಎಂಥ ಚಳಿ ಎಂದು ನಗಬೇಡಿ, ಹಳೇ ಬೈಕಿಗೆ ಜನವರಿಯ ಬೆಳಗು ಸಾಕು. ಹೋಟೆಲಿಗೆ ತರಕಾರಿ ತರಲು ವಾಶಿ ಮಾರ್ಕೆಟಿಗೆ ಹೊರಟವನು, ನಮ್ಮ ಫ್ಲ್ಯಾಟುಗಳ ಸೊಸೈಟಿಯ ಪಾರ್ಕಿಂಗಿನಲ್ಲಿ ಒದ್ದೂ ಒದ್ದೂ ಸೋತು ಬೈಕಿಗೆ ತುಳುವಿನಲ್ಲಿ ಬೈದೆ.

“ಉಡುಪಿಯವರಾ?” ಮಂಕಿ ಕ್ಯಾಪಿನ ಅಪರಿಚಿತರೊಬ್ಬರು ಹತ್ತಿರ ಬಂದರು. “ಚೋಕ್ ಎಳೆದು ಒದೆಯಿರಿ.”

ಒದ್ದೆ. ಚಾಲೂ ಆಯಿತು.

“ರೇಸ್ ಮಾಡಬೇಡಿ, ಎರಡು ನಿಮಿಷ ಬಿಸಿಯಾಗಲಿ. ಹಾಂ, ಈಗ ಇಳಿಯಿರಿ ಮಾರಾಯ್ರೇ. ಇದು ನನ್ನ ಬೈಕು.”

ನನಗೆ ತಲೆಬುಡ ತಿಳಿಯಲಿಲ್ಲ. ನಂಬರ್ ಪ್ಲೇಟ್ ನೋಡಿದರೆ ಹೌದು, ನನ್ನದಲ್ಲ! ನನ್ನದು ಅಂಥದ್ದೇ ಕಪ್ಪು ಬೈಕು, ಕಂಬದ ಆಚೆ ನಿಂತಿತ್ತು. ನನ್ನ ಸವೆದ ಕೀ ಅವರ ಸವೆದ ಲಾಕಿನಲ್ಲಿ ಸಲೀಸಾಗಿ ತಿರುಗಿತ್ತು.

“ಮೊದಲೇ ಹೇಳಬಾರದಿತ್ತಾ?”

“ನನಗೆ ಮೊಣಕಾಲು ನೋವು. ಒದೆಯುವವರು ಸಿಕ್ಕರೆ ಬೇಡ ಅನ್ನಲಾ?” ಎಂದು ಹತ್ತಿ ಹೊರಟೇಬಿಟ್ಟರು.

ಅವರು ಗೇಟು ದಾಟಿದ ಮೇಲೆ ಜೇಬು ತಡಕಾಡಿದೆ. ನನ್ನ ಕೀ ಅವರ ಬೈಕಿನಲ್ಲೇ ಇತ್ತು.