ಸೋಸದೆ ಉಳಿದ ಮೆಂತ್ಯ

ಇಂಗಿನ ಡಬ್ಬಿಯ ಮುಚ್ಚಳ ತೆಗೆದರೆ ಬೇರೆಯವರಿಗೆ ಸಾರು ನೆನಪಾಗಬಹುದು, ನನಗೆ ಸಿನಿಮಾ ನೆನಪಾಗುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ, ಸ್ಟೇಷನ್ನಿನಿಂದ ಹೊರಬಂದರೆ ಕಾಣುತ್ತಿದ್ದ ದಿನಸಿ ಅಂಗಡಿಯವರು ಸಿನಿಮಾ ಸೀಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಆ ಸೀಡಿಗಳನ್ನು ಇಟ್ಟಿದ್ದದ್ದು ಇಂಗು ಮತ್ತು ಹುಣಸೆಹಣ್ಣಿನ ಪಕ್ಕದ ಗೂಡಿನಲ್ಲಿ. ಹಾಗಾಗಿ ಕವರಿನ ಮೇಲೆ ಮೀಸೆ ತಿರುವುವ ಹೀರೋ, ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಿ, ಗಹಗಹಿಸುವ ವಿಲನ್, ಎಲ್ಲರೂ ಇಂಗಿನ ವಾಸನೆ ಹೊಡೆಯುತ್ತಿದ್ದರು. ಒಂದು ಸಿನಿಮಾ ಎಂದರೆ ಎರಡು ಡಿಸ್ಕು; ಮೊದಲನೆಯದು ಇಂಟರ್ವೆಲ್ಲಿನ ತನಕ, ಎರಡನೆಯದು ಆಮೇಲಿನದು. ಡಿಸ್ಕ್ ಬದಲಿಸುವುದು ನನ್ನ ಕೆಲಸ. ಪ್ಲೇಯರಿನ ಬಾಯಿ ತೆರೆದಾಗ ಬಿಸಿ ಪ್ಲಾಸ್ಟಿಕ್ಕಿನ ಗಾಳಿಯೂ ಇಂಗಿನ ಘಾಟೂ ಸೇರಿ ಮುಖಕ್ಕೆ ಬಡಿಯುತ್ತಿತ್ತು. ಆ ಪ್ಲೇಯರ್ ಇದ್ದ ಕೆಂಪು ಇಟ್ಟಿಗೆಯ ಬಾಡಿಗೆ ಮನೆಯನ್ನು ಕೆಡವಿ ಈಗ ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ. ಈಗ ನಾನಿರುವ ಕೆಲ್ಲಿವಿಲ್‌ನಿಂದ ಆ ಕಡೆ ಹೋದಾಗಲೆಲ್ಲ ಕಾರು ನಿಧಾನ ಮಾಡಿ, ನಮ್ಮ ನಡುಮನೆ ಇದ್ದ ಜಾಗ ಯಾವುದಿರಬಹುದೆಂದು ಲೆಕ್ಕ ಹಾಕಲು ಹೋಗಿ ಸೋಲುತ್ತೇನೆ.

ಆ ಮನೆಯಲ್ಲಿ ಯಾವುದನ್ನೂ ಸುಮ್ಮನೆ ನಂಬುವ ಪದ್ಧತಿ ಇರಲಿಲ್ಲ. ನಮ್ಮಮ್ಮನಿಗೆ ಹಾಲಿನವನ ಮೇಲೆ ಅನುಮಾನ ಪಡಲು ಈ ದೇಶದಲ್ಲಿ ಹಾಲಿನವನೇ ಇರಲಿಲ್ಲವಲ್ಲ, ಆ ಪಾಲಿನ ಅನುಮಾನವನ್ನೂ ಅವಳು ಉಳಿದವರ ಮೇಲೆ ಖರ್ಚು ಮಾಡುತ್ತಿದ್ದಳು. ಸೀಡಿ ಕವರನ್ನು ಅಂಗಡಿಯಲ್ಲೇ ಬಿಚ್ಚಿ ಎರಡೂ ಡಿಸ್ಕು ಇವೆಯೇ ಎಂದು ನೋಡುತ್ತಿದ್ದಳು. ಬೆಳಕಿಗೆ ಹಿಡಿದು ಗೀರು ಹುಡುಕುತ್ತಿದ್ದಳು. ಥಿಯೇಟರಿನಲ್ಲಿ ಕದ್ದು ತೆಗೆದ ಪ್ರಿಂಟೇನೋ ಎಂಬುದು ಅವಳ ದೊಡ್ಡ ಅನುಮಾನ. ಒಮ್ಮೆ ನಾಯಕಿ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಪರದೆಯ ಮುಂದೆ ಯಾರೋ ಮಹಾರಾಯ ಎದ್ದು ನಿಂತು ಪಂಚೆ ಸರಿಮಾಡಿಕೊಂಡಿದ್ದ. ಆ ನೆರಳನ್ನು ಅಮ್ಮ ಕೊನೆಯವರೆಗೂ ಮರೆಯಲಿಲ್ಲ. ಅಪ್ಪ ಇದಕ್ಕೆ ತದ್ವಿರುದ್ಧ, ಯಾರು ಏನು ಹೇಳಿದರೂ ಹೌದೆನ್ನುವ ಪೈಕಿ. ನಾನು ಅಮ್ಮನ ಕಡೆ. ಶಾಲೆಯಲ್ಲಿ ಇಂಗ್ಲಿಷು ಕಲಿತಷ್ಟೇ ಶ್ರದ್ಧೆಯಿಂದ ಮನೆಯಲ್ಲಿ ಅನುಮಾನಪಡುವುದನ್ನು ಕಲಿತೆ.

ಅಪ್ಪನ ತಮ್ಮ ಮುರಳಿ ಚಿಕ್ಕಪ್ಪ ಮತ್ತು ಅವರ ಹೆಂಡತಿ ವೀಣಾ ಚಿಕ್ಕಮ್ಮ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿದ್ದರು. ಅಲ್ಲಿನ ಅಂಗಡಿಗಳಲ್ಲಿ ಹಿಂದಿ, ತಮಿಳು ಸಿನಿಮಾ ಬೇಕಾದಷ್ಟು. ಕನ್ನಡದ್ದು ಮಾತ್ರ ಸಿಗುತ್ತಿರಲಿಲ್ಲ. ಆದ್ದರಿಂದ ನಾವು ನೋಡಿದ ಸಿನಿಮಾವನ್ನು ಅಮ್ಮ ಹಳೇ ಟವೆಲಿನಲ್ಲಿ ಸುತ್ತಿ ಪೋಸ್ಟಿನಲ್ಲಿ ಕಳಿಸುತ್ತಿದ್ದಳು. ಅಂಗಡಿಯವರು ವಾಪಸು ಕೊಡಿ ಎಂದು ಆತುರ ಮಾಡುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಫೋನು ಸ್ಪೀಕರಿಗೆ ಹಾಕಿಕೊಂಡು ಎರಡೂ ಮನೆಯವರು ಆ ಸಿನಿಮಾದ ಬಗ್ಗೆ ಮಾತಾಡಬೇಕು, ಅದು ನಮ್ಮ ಮನೆತನದ ಕಟ್ಟಳೆ. ಎಲ್ಲರೂ ಏನಾದರೂ ಹೇಳಲೇಬೇಕಿತ್ತು, ಚೆನ್ನಾಗಿದೆ ಎಂದಷ್ಟೇ ಹೇಳಿದರೆ ಪಾಸಾಗುತ್ತಿರಲಿಲ್ಲ. ಚಿಕ್ಕಪ್ಪ ಮೊದಲು ಶುರುಮಾಡುತ್ತಿದ್ದರು. ಹಳ್ಳಿ ಮನೆಯ ಗೋಡೆಗೆ ನಿನ್ನೆ ತಾನೇ ಬಣ್ಣ ಹೊಡೆದ ಹಾಗಿತ್ತು, ನಾಯಕ ಬಡವನಾದರೆ ಅವನ ಚಪ್ಪಲಿ ಯಾಕೆ ಹಾಗೆ ಹೊಳೆಯಬೇಕು ಎಂಬಂಥ ಮಾತುಗಳು. ನಮಗಾರಿಗೂ ಕಾಣದ್ದು ಅವರಿಗೆ ಕಾಣುತ್ತಿತ್ತು. ನನ್ನ ತಮ್ಮ ಸಿನಿಮಾವನ್ನು ಅರೆದು ಕುಡಿದಿದ್ದಾನೆ ಎಂದು ಅಪ್ಪ ಬೀಗುತ್ತಿದ್ದರು. ಅಮ್ಮ ಮಾತ್ರ ಅದನ್ನೆಲ್ಲ ಕೇಳಿ ಮುಗಿಸಿ, "ಸರಿ, ವೀಣಾ ಏನಂದ್ಳು?" ಎನ್ನುತ್ತಿದ್ದಳು.

ಚಿಕ್ಕಮ್ಮ ಧಾರವಾಡದವರು. ಕ್ಲೇಟನ್ ಮನೆಯ ಹಿತ್ತಿಲಿನಲ್ಲಿ ಮೆಂತ್ಯ ಬೆಳೆದಿದ್ದರು. ಸಿನಿಮಾ ನೋಡುವಾಗ ಮಡಿಲಲ್ಲಿ ಪೇಪರು ಹಾಸಿಕೊಂಡು ಆ ಸೊಪ್ಪನ್ನು ಬಿಡಿಸುತ್ತಿದ್ದರು. ಅದಕ್ಕೆ ಅವರು ಪಲ್ಯ ಸೋಸುವುದು ಎನ್ನುತ್ತಿದ್ದರು. ಅವರ ವಿಮರ್ಶೆಯೆಲ್ಲ ಆ ಸೊಪ್ಪಿನಲ್ಲಿತ್ತು. "ಅಕ್ಕಾರ, ಪಲ್ಯ ಎಲ್ಲಾ ಸೋಸಿ ಮುಗೀತು ನೋಡ್ರಿ," ಎಂದರೆ ಆ ಸಿನಿಮಾ ತೋಪೆದ್ದ ಹಾಗೆ. ಸೊಪ್ಪು ಕೈಯಲ್ಲೇ ಮರೆತುಹೋಗಿ ಬಾಡುತ್ತಾ ಕೂತಿತ್ತೆಂದರೆ, "ಪಲ್ಯ ಹಂಗ ಉಳೀತ್ರಿ," ಎನ್ನುತ್ತಿದ್ದರು. ಅದು ಅವರು ಕೊಡುತ್ತಿದ್ದ ದೊಡ್ಡ ಪ್ರಶಸ್ತಿ. ಅಪರೂಪಕ್ಕೊಮ್ಮೆ ಸಿಗುತ್ತಿತ್ತು. ಅಳುವ ದೃಶ್ಯಗಳನ್ನು ಕಂಡರಂತೂ ಅವರಿಗೆ ಮೈಯೆಲ್ಲ ನಗು. ಅವರ ನಗು ಫೋನಿನಲ್ಲಿ ಒಡೆದು ಗರಗರ ಎಂದು ಬರುತ್ತಿತ್ತು, ಅದನ್ನು ಕೇಳಲೆಂದೇ ನಾನು ಸ್ಪೀಕರಿಗೆ ಕಿವಿ ಹಚ್ಚಿ ಕೂರುತ್ತಿದ್ದೆ. ನನಗೆ ಅವರೆಂದರೆ ಪ್ರಾಣ.

ಒಂದು ಚಳಿಗಾಲದಲ್ಲಿ ಆ ನಗು ನಿಂತುಹೋಯಿತು. ಚಿಕ್ಕಮ್ಮ ಸ್ನಾನಕ್ಕೆ ಹೋಗಿದ್ದಾರೆ ಎಂದರು ಚಿಕ್ಕಪ್ಪ. ಮುಂದಿನ ವಾರ ಶಿಫ್ಟಿಗೆ ಹೋಗಿದ್ದರು. ಚಿಕ್ಕಮ್ಮ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕೆ ಸೇರಿದ್ದರಾದ್ದರಿಂದ ಅದನ್ನು ನಂಬಬಹುದಿತ್ತು. ಅದರ ಮುಂದಿನ ವಾರ ಗಂಟಲು ಕಟ್ಟಿತ್ತು. ಆದರೆ ಅವರ ಅಭಿಪ್ರಾಯಗಳು ಮಾತ್ರ ತಪ್ಪದೆ ಬರುತ್ತಿದ್ದವು. ವೀಣಾಗೆ ಹಾಡು ಹಿಡಿಸಿತಂತೆ, ವೀಣಾಗೆ ಹೀರೋ ಆ್ಯಕ್ಟಿಂಗ್ ಸೂಪರ್ ಅನ್ನಿಸಿತಂತೆ. ಸೊಪ್ಪಿನ ಸುದ್ದಿಯೇ ಇಲ್ಲ. ಚಿಕ್ಕಪ್ಪನ ಸ್ವಂತ ಮಾತುಗಳೂ ಸಪ್ಪೆಯಾಗಿದ್ದವು. ಗೋಡೆಯ ಬಣ್ಣವೂ ಚಪ್ಪಲಿಯೂ ಅವರ ಕಣ್ಣಿಗೆ ಬೀಳುವುದು ನಿಂತಿತ್ತು. ಅಮ್ಮ ಚಿಕ್ಕಮ್ಮನ ಮೊಬೈಲಿಗೆ ಮಾಡಿದರೆ ಆ ನಂಬರೇ ಇಲ್ಲವೆಂದು ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಹೇಳಿತು. ಕೇಳಿದ್ದಕ್ಕೆ ಪ್ಲಾನ್ ಬದಲಿಸಿದ್ದಾಳೆ, ಹೊಸ ನಂಬರು ಕೊಡುತ್ತೇನೆ ಎಂದರು ಚಿಕ್ಕಪ್ಪ. ಕೊಡಲಿಲ್ಲ. "ಇವನು ಏನೋ ಮುಚ್ಚಿಡ್ತಿದ್ದಾನೆ ಕಣ್ರೀ. ಆ ಹುಡುಗಿಗೆ ಏನೋ ಆಗಿದೆ," ಎಂದಳು ಅಮ್ಮ. ನಿನಗೆ ಎಲ್ಲದರಲ್ಲೂ ಅನುಮಾನ ಎಂದು ಅಪ್ಪ ಪೇಪರಿನ ಹಿಂದೆ ಸೇರಿಕೊಂಡರು. ಆ ವಾರವೆಲ್ಲ ಅಮ್ಮ ಒಲೆಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು. ನಾನು ಅವಳ ಮುಖ ನೋಡಿ, ನನಗೆ ಗೊತ್ತಿದ್ದ ಸಿನಿಮಾಗಳಲ್ಲಿ ಹೆಂಗಸರಿಗೆ ಏನೇನು ಆಗುತ್ತಿತ್ತೋ ಅದನ್ನೆಲ್ಲ ಒಂದೊಂದಾಗಿ ಚಿಕ್ಕಮ್ಮನಿಗೆ ಆಗಿಸಿ ನೋಡಿ ಹೆದರುತ್ತಿದ್ದೆ.

ಆಗಲೇ ತಾಯಿಯೊಬ್ಬಳ ಸಿನಿಮಾ ಬಂತು. ಅದರ ಹೆಸರು ಬೇಡ. ಮೊದಲರ್ಧದಲ್ಲಿ ತಾಯಿ ಪಾತ್ರದವಳು ಬಹಳ ಕೆಮ್ಮುತ್ತಾಳೆ. ನಾವು ನೋಡಿದೆವು, ಅಮ್ಮ ಪೋಸ್ಟಿಗೆ ಹಾಕಿದಳು. ಭಾನುವಾರ ಫೋನು ಬಂತು. ವೀಣಾ ಏನಂದ್ಳು ಎಂದು ಅಮ್ಮ ಕೇಳಿದಾಗ ಚಿಕ್ಕಪ್ಪ, "ಅಯ್ಯೋ ಅತ್ತಿಗೆ, ಕ್ಲೈಮ್ಯಾಕ್ಸಲ್ಲಿ ಆ ತಾಯಿ ಸಾಯ್ತಾಳಲ್ಲ, ಅಲ್ಲಿ ಅತ್ತೇಬಿಟ್ಳು," ಎಂದರು. ನಾನು ಅಮ್ಮನನ್ನು ನೋಡಿದೆ. ಆ ಸಿನಿಮಾದಲ್ಲಿ ತಾಯಿ ಸಾಯುವುದಿಲ್ಲ. ಆಪರೇಷನ್ ಆಗಿ, ಗುಣವಾಗಿ, ಮಗಳ ಮದುವೆಯಲ್ಲಿ ಕುಣಿಯುತ್ತಾಳೆ. ಕೆಮ್ಮಿದ ತಾಯಿ ಉಳಿಯುವುದುಂಟೇ ಎಂದು ಚಿಕ್ಕಪ್ಪ ಅಂದಾಜಿನಲ್ಲಿ ಕೊಂದುಬಿಟ್ಟಿದ್ದರು. ನಾನು ಎದ್ದು ಹೋಗಿ ಪ್ಲೇಯರಿನ ಗುಂಡಿ ಒತ್ತಿದೆ. ಬಾಯಿ ತೆರೆದುಕೊಂಡಿತು. ಒಳಗೆ ಎರಡನೇ ಡಿಸ್ಕು ಹಾಗೇ ಇತ್ತು. ಮೆಲ್ಬರ್ನಿಗೆ ಹೋಗಿದ್ದದ್ದು ಮೊದಲರ್ಧ ಮಾತ್ರ. ಅಂಗಡಿಯಲ್ಲಿ ಎರಡೆರಡು ಸಲ ಕವರು ಬಿಚ್ಚಿ ನೋಡುತ್ತಿದ್ದ ನಮ್ಮಮ್ಮ ಅದು ಹೇಗೆ ಮರೆತಳೋ. ಮರೆತಳು ಎಂಬುದರ ಬಗ್ಗೆಯೇ ನನಗೆ ಇಂದಿಗೂ ಅನುಮಾನವಿದೆ. ಅವಳು ನನ್ನ ಕೈಯಲ್ಲಿದ್ದ ಡಿಸ್ಕನ್ನು ನೋಡುತ್ತಾ, ಸ್ವಲ್ಪವೂ ದನಿ ಬದಲಿಸದೆ, "ಹೌದಾ? ಅತ್ಳಾ?" ಎಂದು ಫೋನಿಟ್ಟಳು.

ಶಾಲೆಗೆ ರಜೆ ಬಂದದ್ದೇ ನಾವು ಕಾರು ಹತ್ತಿದೆವು. ಚಿಕ್ಕಪ್ಪನಿಗೆ ಹೇಳಲಿಲ್ಲ. ಮೆಲ್ಬರ್ನಿನ ತನಕ ಹ್ಯೂಮ್ ಹೈವೇಯ ಉದ್ದಕ್ಕೂ ಎರಡನೇ ಡಿಸ್ಕು ಅಮ್ಮನ ಬ್ಯಾಗಿನಲ್ಲಿತ್ತು. ಕ್ಲೇಟನ್ ಮನೆಯ ಬಾಗಿಲು ತೆಗೆದ ಚಿಕ್ಕಪ್ಪ ಗಡ್ಡ ಬಿಟ್ಟಿದ್ದರು. ಅಮ್ಮ ಅವರನ್ನು ದಾಟಿ ಸೀದಾ ಹಿತ್ತಿಲಿಗೆ ನಡೆದಳು, ನಾನು ಹಿಂದೆಯೇ ಓಡಿದೆ. ಮೆಂತ್ಯದ ಪಾತಿ ಹೂಬಿಟ್ಟು, ಕಾಯಿಕಟ್ಟಿ, ಒಣಗಿ ನಿಂತಿತ್ತು. ಯಾರೂ ಅದನ್ನು ಕಿತ್ತಿರಲಿಲ್ಲ. ಒಳಗೆ ಟೀವಿಯ ಪಕ್ಕ ನಾವು ಕಳಿಸಿದ ಪೊಟ್ಟಣಗಳು ಒಂದರ ಮೇಲೊಂದು ಇದ್ದವು. ಒಂದೇ ಒಂದನ್ನು ಬಿಚ್ಚಿದ್ದರು, ಆ ತಾಯಿಯ ಸಿನಿಮಾದ್ದು. ಮಿಕ್ಕ ಟವೆಲುಗಳ ಗಂಟು ಅಮ್ಮ ಹಾಕಿದ ಹಾಗೇ ಇತ್ತು.

ಚಿಕ್ಕಪ್ಪ ಸುಳ್ಳು ಮುಂದುವರಿಸಲು ಹೋಗಲಿಲ್ಲ. ವೀಣಾ ಬಿಟ್ಟುಹೋಗಿದ್ದಾಳೆ, ಊರಿನ ಆ ತುದಿಯ ಫುಟ್ಸ್‌ಕ್ರೇಯಲ್ಲಿ ರೂಮು ಮಾಡಿಕೊಂಡಿದ್ದಾಳೆ, ಚೆನ್ನಾಗಿದ್ದಾಳೆ ಎಂದರು. ಚೆನ್ನಾಗಿದ್ದಾಳೆ ಎಂಬ ಮಾತು ಕೇಳಿದ ಮೇಲೆ ಅಮ್ಮ ಕುರ್ಚಿಯಲ್ಲಿ ಕೂತಳು. ಅಪ್ಪ, ಯಾವಾಗಲೂ ಹೌದೆನ್ನುತ್ತಿದ್ದ ಅಪ್ಪ, ಜೀವನದಲ್ಲಿ ಮೊದಲ ಸಲ ತಮ್ಮನ ಮೇಲೆ ಕೂಗಾಡಿದರು. ಇಷ್ಟು ದಿನ ಯಾಕೆ ಕಥೆ ಕಟ್ಟಿದೆ ಎಂದರೆ ಚಿಕ್ಕಪ್ಪ ಅಮ್ಮನ ಕಡೆ ತಿರುಗಿದರು. "ನೀವು ಪ್ರತಿ ವಾರ ವೀಣಾ ಏನಂದ್ಳು ಅಂತ ಕೇಳ್ತಿದ್ರಿ ಅತ್ತಿಗೆ. ಏನೂ ಅನ್ನಲಿಲ್ಲ ಅಂತ ಹೆಂಗೆ ಹೇಳ್ಲಿ?" ಆಮೇಲೆ ಇನ್ನೊಂದು ಮಾತು ಹೇಳಿದರು. ಅದಕ್ಕೆ ಮುಂಚೆ ಕೂಡ ಅವರು ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ಆಡಿದ ಮಾತುಗಳನ್ನು ಲ್ಯಾಪ್‌ಟಾಪಿನ ಮುಂದೆ ಕೂತು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು ಭಾನುವಾರ ನಮಗೆ ಹೇಳುತ್ತಿದ್ದರು. ಹೊಳೆಯುವ ಚಪ್ಪಲಿ, ಹೊಸ ಬಣ್ಣದ ಗೋಡೆ, ಅಪ್ಪ ಬೀಗುತ್ತಿದ್ದ ಆ ಜಾಣತನವೆಲ್ಲ ಚಿಕ್ಕಮ್ಮನದು.

ಮಾರನೆಯ ದಿನ ಅಮ್ಮ, ಚಿಕ್ಕಪ್ಪ ಕೊನೆಗೂ ಕೊಟ್ಟ ಹೊಸ ನಂಬರಿಗೆ ಫೋನು ಮಾಡಿ, ನನ್ನನ್ನು ಕರೆದುಕೊಂಡು ಫುಟ್ಸ್‌ಕ್ರೇ ಸ್ಟೇಷನ್ನಿಗೆ ಹೋದಳು. ಚಿಕ್ಕಮ್ಮ ಕೆಲಸದ ಯೂನಿಫಾರ್ಮಿನಲ್ಲೇ ಬಂದರು. ಕೂದಲು ಕತ್ತರಿಸಿಕೊಂಡಿದ್ದರು. ನನ್ನನ್ನು ಎದೆಗವಚಿಕೊಂಡಾಗ ಅವರ ಮೈಯಲ್ಲಿ ಆಸ್ಪತ್ರೆಯ ಸೋಪಿನ ವಾಸನೆ ಇತ್ತು. ಒಂದು ಫೋನು ಮಾಡಬಾರದಿತ್ತೇ ಎಂದು ಅಮ್ಮ ಬೈದಳು. "ಏನಂತ ಮಾಡ್ಲಿ ಅಕ್ಕಾರ? ನೀವು ಅವರ ಅತ್ತಿಗಿ ಅಲ್ಲೇನ್ರಿ," ಎಂದರು ಚಿಕ್ಕಮ್ಮ. ನಮ್ಮ ಮೇಲೆ ಅವರಿಗೆ ಅನುಮಾನವಿತ್ತು ಎಂಬುದು ನನಗೆ ಆಗ ತಿಳಿಯಿತು. ಬೆಂಚಿನ ಮೇಲೆ ಕೂತು ಅವರು ಹೇಳಿದ್ದು ಇಷ್ಟೇ: "ನನ್ನ ಮಾತು ಫೋನಿನ್ಯಾಗ ಹೇಳಿ ಶಹಬ್ಬಾಸ್ ಅನ್ನಿಸ್ಕೊತಿದ್ರು. ಮನ್ಯಾಗ ನಂಗ ಒಂದಿನಾನೂ ಹೂಂ ಅನ್ನಲಿಲ್ರಿ." ವಾಪಸು ಬಾ ಎನ್ನಲು ಹೊರಟಿದ್ದ ಅಮ್ಮ ಬ್ಯಾಗಿನಿಂದ, ಕ್ಲೇಟನ್ ಮನೆಯಲ್ಲಿದ್ದ ಮೊದಲನೆಯದೂ ಸೇರಿ, ಎರಡೂ ಡಿಸ್ಕು ತೆಗೆದು ಅವರ ಕೈಗಿಟ್ಟು, ನೋಡಿ ಹೇಳು ಎಂದಳು. ಮುಂದಿನ ಭಾನುವಾರ ಪೆಂಡಲ್ ಹಿಲ್ ಮನೆಯ ಫೋನು ಬೇರೆಯ ಹೊತ್ತಿನಲ್ಲಿ ರಿಂಗಾಯಿತು. "ಆ ಅವ್ವ ಬದುಕಿದ್ದು ಶುದ್ಧ ಸುಳ್ಳ್ರಿ ಅಕ್ಕಾರ. ಪಲ್ಯ ಎಲ್ಲಾ ಸೋಸಿ ಮುಗೀತು!" ಗರಗರ ನಗು. ಅಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು, ಥೇಟ್ ಸೀಡಿ ಕವರಿನ ತಾಯಿಯ ಹಾಗೆ.

ಆಮೇಲೆ ಭಾನುವಾರಗಳಲ್ಲಿ ಎರಡು ಫೋನು. ಚಿಕ್ಕಮ್ಮನದು ಮೊದಲು, ಚಿಕ್ಕಪ್ಪನದು ನಂತರ. ಚಿಕ್ಕಪ್ಪ ಈಗ ಸಿನಿಮಾವನ್ನು ನಿಜವಾಗಿಯೂ ಪೂರ್ತಿ ನೋಡುತ್ತಿದ್ದರು. ತಡವರಿಸುತ್ತಾ ತಮ್ಮದೇ ಮಾತು ಹೇಳುತ್ತಿದ್ದರು, ಅದರಲ್ಲಿ ಅಂಥ ಹುರುಳಿರುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ, "ಅತ್ತಿಗೆ, ವೀಣಾ ಏನಂದ್ಳು?" ಎಂದು ಕೇಳುತ್ತಿದ್ದರು. ಅಮ್ಮ ಹೇಳುತ್ತಿದ್ದಳು. ಕಾಲ ಹೋದಂತೆ ಚಿಕ್ಕಮ್ಮ ಪರ್ತ್ ಕಡೆ ಕೆಲಸ ಹಿಡಿದು ಹೋದರು, ಅಲ್ಲೇ ಮತ್ತೆ ಮದುವೆಯಾದರು. ಫೋನುಗಳು ದೂರದೂರವಾಗಿ ಕೊನೆಗೆ ನಿಂತವು. ಚಿಕ್ಕಪ್ಪನಿಗೆ ಇದು ತಿಳಿಯದೆ ಇರಲಿಲ್ಲ. ಆದರೂ ಕೇಳುವುದನ್ನು ಬಿಡಲಿಲ್ಲ. ಆಗ ನಮ್ಮಮ್ಮ, ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪದ ನಮ್ಮಮ್ಮ, ಒಂದು ಗಳಿಗೆಯೂ ತಡೆಯದೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. "ಈ ಸಲ ಪಲ್ಯ ಹಂಗೇ ಉಳೀತಂತಪ್ಪ." ಆ ಕಡೆಯಿಂದ ಚಿಕ್ಕಪ್ಪ ಹೂಂ ಎಂದರು. ಮುಂದೆ ಎಷ್ಟೋ ಭಾನುವಾರ ಹಾಗೇ ನಡೆಯಿತು. 

ಈಗ ಅಪ್ಪ, ಅಮ್ಮ ಇಬ್ಬರೂ ಇಲ್ಲ. ಸಿನಿಮಾ ಎಲ್ಲರ ಮನೆಗೂ ಒಂದೇ ಹೊತ್ತಿಗೆ ತಾನಾಗಿ ಬಂದು ಬೀಳುತ್ತದೆ, ಟವೆಲಿನಲ್ಲಿ ಸುತ್ತಿ ಕಳಿಸಬೇಕಾದ್ದು ಏನೂ ಉಳಿದಿಲ್ಲ. ಚಿಕ್ಕಪ್ಪ ಮಾತ್ರ ಭಾನುವಾರ ಬೆಳಗ್ಗೆ ಕ್ಲೇಟನ್‌ನಿಂದ ಫೋನು ಮಾಡುತ್ತಾರೆ. ಹೋದ ವಾರ ನಾನು ಒಗ್ಗರಣೆಗೆ ಇಂಗು ಹಾಕುವ ಹೊತ್ತಿಗೆ ಮಾಡಿದರು. ಇಬ್ಬರೂ ನೋಡಿದ ಸಿನಿಮಾದ ಬಗ್ಗೆ ಒಂದಷ್ಟು ಆಡಿಕೊಂಡೆವು.  

"ಪುಟ್ಟಿ," ಎಂದರು ಚಿಕ್ಕಪ್ಪ. "ಅತ್ತಿಗೆ ಏನಂದ್ರು?"

ನಾನು ಒಲೆ ಸಣ್ಣ ಮಾಡಿ, ಅಮ್ಮನಿಗೆ ಪ್ರಿಂಟಿನ ಮೇಲೇ ಅನುಮಾನವಂತೆ ಎಂದೆ.