ರಂಜಿತ ರಾಗಿ ಕೋಣೆ ಖಾಲಿ ಮಾಡಿದ್ದು

ಚಿನಕುರಳಿಯ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ಫ್ಯಾಟು ನೋಡುವವನು ಕುಮಾರ್. ಅವನ ಹೆಂಡತಿ ರಂಜಿತ. ಮೂವತ್ತೊಂದು ವರ್ಷದ, ಸಣ್ಣ ದನಿಯ ಹೆಂಗಸು. ಮಾತಾಡುವಾಗ ಎದುರಿಗಿದ್ದವರ ಭುಜದಾಚೆ ಎಲ್ಲೋ ನೋಡುತ್ತಾಳೆ. "ಇವ್ಳು ಅರ್ಧ ಇಲ್ಲವ್ಳೆ, ಅರ್ಧ ಇನ್ನೆಲ್ಲೋ ಅವ್ಳೆ ಕಣಪ್ಪ" ಎಂದು ಅತ್ತೆ ಚಿಕ್ಕಬೋರಮ್ಮ ಮದುವೆಯಾದ ತಿಂಗಳಲ್ಲೇ ಮಗನಿಗೆ ಹೇಳಿದ್ದರು. ಬೈಗುಳವಾಗಿ ಹೇಳಿದ್ದಲ್ಲ. ಮೋಡ ಕವಿದಿದೆ ಎಂದು ಹೇಳುವ ಹಾಗೆ ಹೇಳಿದ್ದರು.

ರಂಜಿತಳ ತವರು ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟ. ನಾಲ್ವರು ಹೆಣ್ಣುಮಕ್ಕಳಲ್ಲಿ ಅವಳು ಮೂರನೆಯವಳು. ಹೊಲ, ಹಸು ಎಲ್ಲ ಇದ್ದ ಮನೆಯೇ. ಆದರೆ ದೊಡ್ಡಕ್ಕ ಉಮ ಹಾಕಿದ ಲಂಗ ಎರಡನೆಯವಳಿಗೆ ಬಂದು, ಆಮೇಲೆ ಇವಳಿಗೆ ಬರುವುದು ಆ ಮನೆಯ ರೂಢಿ. ಉದ್ದ ಸಾಲದೆ ಅವ್ವ ಅಂಚಿನ ಹೊಲಿಗೆ ಬಿಚ್ಚಿದಾಗ, ಅದುವರೆಗೆ ಮಡಿಕೆಯೊಳಗೆ ಅಡಗಿದ್ದ ಬಟ್ಟೆ ಗಾಢವಾದ ಒಂದು ಗೆರೆಯಾಗಿ ಕಾಣುತ್ತಿತ್ತು. ಈ ಲಂಗ ಹೊಸದಾಗಿದ್ದಾಗ ಪೂರ್ತಿ ಈ ಬಣ್ಣದ್ದಾಗಿತ್ತು ಎಂದು ರಂಜಿತ ಆ ಗೆರೆಯನ್ನೇ ನೋಡುತ್ತ ಕೂರುತ್ತಿದ್ದಳು. ಅಂಗಡಿಯ ಮಡಿಕೆ ಇನ್ನೂ ಬಿಚ್ಚದ, ಮೊದಲು ತನ್ನ ಮೈಗೇ ತಾಕುವ ಬಟ್ಟೆ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದಳು.

ಮಗಳು ಚಿನ್ನು ಹುಟ್ಟಿದ ವರ್ಷ ಕುಮಾರ್ ಅವಳಿಗೆ ಒಳ್ಳೆಯ ಫೋನು ತಂದುಕೊಟ್ಟ. ಹಾಲೂಡಿಸುತ್ತ ಮಂಚದ ಮೇಲೆ ಕೂತ ಉದ್ದನೆಯ ಮಧ್ಯಾಹ್ನಗಳಲ್ಲಿ, ಒಂದು ಕೈಯಲ್ಲಿ ಮಗು ಒಂದು ಕೈಯಲ್ಲಿ ಫೋನು ಹಿಡಿದು, ಅವಳು ಪುಟ್ಟ ಪುಟ್ಟ ಫ್ರಾಕುಗಳ ಚಿತ್ರ ನೋಡತೊಡಗಿದಳು. ಬೆರಳು ಮೇಲಕ್ಕೆ ಸರಿಸಿದಷ್ಟೂ ಬರುತ್ತಿದ್ದವು. ಹೊರಗೆ ಕಲ್ಲು ಕ್ವಾರಿಯ ಸದ್ದು ಊಟದ ಹೊತ್ತಿಗೆ ನಿಂತು, ಬೀದಿಯಲ್ಲಿ ಒಂದು ಬೈಕೂ ಓಡಾಡದೆ, ಫ್ಯಾನು ಮಾತ್ರ ತಿರುಗುವ ಹೊತ್ತದು. ತೂಕಡಿಕೆಯಲ್ಲೇ ಒಂದನ್ನು ಒತ್ತುತ್ತಿದ್ದಳು. ನಾಲ್ಕು ದಿನ ಬಿಟ್ಟು ಅದು ಬಾಗಿಲಿಗೇ ಬಂದಾಗ, ಕನಸಿನಲ್ಲಿ ಕೇಳಿದ್ದನ್ನು ಯಾರೋ ನಿಜವಾಗಿ ಕಳಿಸಿಕೊಟ್ಟ ಹಾಗೆ ಅನಿಸುತ್ತಿತ್ತು.

ತರುತ್ತಿದ್ದವನು ಸಂತೋಷ್. ಪಾಂಡವಪುರದಿಂದ ಬೆನ್ನ ಮೇಲೆ ದೊಡ್ಡ ಚೀಲ ಹೊತ್ತು ಬೈಕಿನಲ್ಲಿ ಬರುತ್ತಿದ್ದ. "ಅಕ್ಕಾ, ಪಾರ್ಸಲ್ಲು" ಎಂಬ ಕೂಗಿಗೆ ರಂಜಿತಳ ಎದೆ ಒಂದು ಸಲ ಜಿಗಿಯುತ್ತಿತ್ತು. ಅಂಟುಪಟ್ಟಿ ಹರಿದು, ಪ್ಲಾಸ್ಟಿಕ್ಕಿನ ಹೊಸ ವಾಸನೆ ಮೂಗಿಗೆ ಬರುವವರೆಗಿನ ಆ ಗಳಿಗೆ ಪೂರ್ತಿಯಾಗಿ ಅವಳದು. ಹೊರಬಂದ ವಸ್ತು ಅಷ್ಟೇನೂ ಮುಖ್ಯವಾಗಿರಲಿಲ್ಲ.

ಎರಡನೆಯದು ಗಂಡು ಹುಟ್ಟಿತು. ತಾತನ ಹೆಸರು ಮರಿಸ್ವಾಮಿ ಎಂದು ಇಟ್ಟು, ಮರಿ ಎಂದು ಕರೆದರು. ಪಾರ್ಸಲ್ಲುಗಳು ಹೆಚ್ಚಿದವು. ಮೂರಕ್ಕೆ ಒಂದು ಉಚಿತವೆಂದು ಬಂದ ಹಾಸಿಗೆ ಹೊದಿಕೆ, ಗುಂಡಿ ಒತ್ತಿದರೆ ಹಾಡುವ ಆನೆ, ಚಕ್ರ ಮುರಿದ ಪುಟಾಣಿ ಸ್ಕೂಟರು, ಪ್ಲಾಸ್ಟಿಕ್ ಹೂಬಳ್ಳಿ, ಸಾಮಾನು ಜೋಡಿಸಿಡಲೆಂದು ತರಿಸಿದ ಹನ್ನೆರಡು ಡಬ್ಬಗಳು. ಜೋಡಿಸದೆ ಅವೂ ಸಾಮಾನಾದವು. ಹಿಂದೆ ರಾಗಿ ಚೀಲ ಇಡುತ್ತಿದ್ದ ಒಳಕೋಣೆ ಮೊದಲು ತುಂಬಿತು. ಅದರ ಕಿಟಕಿ ರಟ್ಟಿನ ಪೆಟ್ಟಿಗೆಗಳ ಹಿಂದೆ ಮರೆಯಾಯಿತು. ಆಮೇಲೆ ನಡುಮನೆಯ ಗೋಡೆಗಳ ಉದ್ದಕ್ಕೂ ರಾಶಿ ಬಿತ್ತು.

"ಐಕ್ಳು ಆಡದಕ್ಕೆ ಜಾಗ ಎಲ್ಲವ್ವಾ?" ಎಂದು ಚಿಕ್ಕಬೋರಮ್ಮ ಒಮ್ಮೆ ಕೇಳಿದರು.

"ಎಲ್ಲ ಅವ್ರಿಗೇ ಅಲ್ವಾ ಅತ್ತೆ ತರ್ಸಿರೋದು?"

ಕುಮಾರ್ ಜಗಳದವನಲ್ಲ. ಚಪ್ಪಲಿ ಬಿಟ್ಟು, ರಾಶಿಗಳ ನಡುವಿನ ಸಣ್ಣ ದಾರಿಯಲ್ಲಿ ಅಡ್ಡಡ್ಡ ನಡೆದು ಅಡಿಗೆಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದ.

ಚಿನ್ನುಗೆ ಐದು ತುಂಬಿದ ವರ್ಷ, ಆಷಾಢದ ಒಂದು ಮಧ್ಯಾಹ್ನ. ಹೊರಗೆ ಗಾಳಿ ಜೋರಾಗಿತ್ತು. ಶಾಲೆಯ ವ್ಯಾನಿನಿಂದ ಇಳಿದು ಬಂದ ಚಿನ್ನು ಊಟ ಮಾಡಿದಳು. ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ರಂಜಿತ ಎಂದಿನಂತೆ ಫೋನು ಹಿಡಿದು ಕೂತಳು. ಅದರಲ್ಲಿ ನೀಲಿ ಕಿಟಕಿ ಪರದೆಗಳು, ಬೆಳ್ಳಿ ಬಣ್ಣದ ಬೂಟುಗಳು ತೇಲಿಹೋಗುತ್ತಿದ್ದವು. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಎಚ್ಚರಾದಾಗ ಬೀದಿ ಬಾಗಿಲು ಗಾಳಿಗೆ ತೆರೆದು ಬಡಿಯುತ್ತಿತ್ತು. ಚಿನ್ನು ಇರಲಿಲ್ಲ.

ಹಿತ್ತಲು, ಕೊಟ್ಟಿಗೆ, ಪಕ್ಕದ ಮನೆ, ಗುಡಿಯ ಜಗಲಿ ಎಲ್ಲ ಕಡೆ ನೋಡಿದರು. ಒಳಕೋಣೆಯ ಬಾಗಿಲಿನಿಂದ ಇಣುಕಿ ಕೂಗಿದರು. ಅಲ್ಲಿ ಕಾಲಿಡಲೂ ಜಾಗವಿಲ್ಲದ್ದರಿಂದ ಮಗು ಅಲ್ಲಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಕುಮಾರ್ ಡೈರಿಯಿಂದ ಓಡಿಬಂದ. ಬೀದಿಯವರೆಲ್ಲ ಸೇರಿದರು. ಅದೇ ಹೊತ್ತಿಗೆ ಸಂತೋಷ್ ಬೈಕು ನಿಲ್ಲಿಸಿ "ಅಕ್ಕಾ" ಎಂದವನು, ಅವಳ ಮುಖ ನೋಡಿ ಪಾರ್ಸಲ್ಲನ್ನು ಚೀಲಕ್ಕೇ ತುರುಕಿಕೊಂಡ.

"ಕೆರೆ ಕಡೆ ಯಾರಾರಾ ಓಗವ್ರಾ?" ಎಂದು ಕೇಳಿದ.

ಯಾರೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಕುಮಾರ್ ಅವನ ಬೈಕು ಹತ್ತಿದ. ರಂಜಿತ ಬರಿಗಾಲಲ್ಲಿ ಹಿಂದೆ ಓಡಿದಳು.

ಏರಿಯ ಮೇಲೆ ನಿಂತಾಗ ಕೆರೆ ಬಲು ಶಾಂತವಾಗಿತ್ತು. ಗಾಳಿ ನೀರನ್ನು ಒಂದೇ ಕಡೆಗೆ ಮೆಲ್ಲಗೆ ಮಡಿಸುತ್ತಿತ್ತು. ದಡದ ಜೊಂಡಿನಲ್ಲಿ ಗುಲಾಬಿ ಬಣ್ಣದ್ದೇನೋ ಸಿಕ್ಕಿಕೊಂಡು ಏರಿ ಇಳಿಯುತ್ತಿತ್ತು. ಚಿನ್ನುವಿನ ಅಂಗಿಯೂ ಗುಲಾಬಿಯದೇ. ಸಂತೋಷ್ ಮಂಡಿಯುದ್ದ ನೀರಿಗಿಳಿದು ಕಡ್ಡಿಯಿಂದ ಎಳೆದ. ಅದೊಂದು ಪ್ಲಾಸ್ಟಿಕ್ ಚೀಲ. ಅಷ್ಟು ಹೊತ್ತು ರಂಜಿತಳಿಗೆ ಏನೂ ಕೇಳಿಸಿರಲಿಲ್ಲ. ಕುಮಾರ್ ತುಟಿ ಅಲ್ಲಾಡಿಸುವುದು ಕಾಣುತ್ತಿತ್ತು. ತನ್ನ ಕೈಯಲ್ಲಿ ಇನ್ನೂ ಫೋನಿರುವುದನ್ನು ಆಗ ಕಂಡಳು.

ಅತ್ತ ಮನೆಯಲ್ಲಿ ಮರಿಯನ್ನು ಎತ್ತಿಕೊಂಡು ಒಬ್ಬರೇ ಕೂತಿದ್ದ ಚಿಕ್ಕಬೋರಮ್ಮನಿಗೆ ಎಲ್ಲಿಂದಲೋ ಹಾಡು ಕೇಳಿಸಿತು. ಬ್ಯಾಟರಿ ಮುಗಿಯುತ್ತ ಬಂದ ಆಟದಾನೆಯ ಎಳೆದೆಳೆದು ಹಾಡುವ ದನಿ. ನಿಂತಿತು, ಮತ್ತೆ ಶುರುವಾಯಿತು. ಒಳಕೋಣೆಯ ಆಚೆ ಮೂಲೆಯಿಂದ ಬರುತ್ತಿತ್ತು. ಮುದುಕಿ ಮಗುವನ್ನು ಕೆಳಗಿಳಿಸಿ, ಸೆರಗು ಸಿಕ್ಕಿಸಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಹಿಂದಕ್ಕೆ ಎಸೆದರು. ಗೋಡೆ ಮತ್ತು ರಾಶಿಯ ನಡುವಿನ ಸಂದಿಯಲ್ಲಿ ಹೊಸ ಹೊದಿಕೆಗಳ ಮೇಲೆ ಚಿನ್ನು ಮಲಗಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು. ನಿದ್ದೆಗಣ್ಣಲ್ಲಿ ಹೊರಳಿದಾಗ ಅವಳ ಮೊಣಕೈ ಆನೆಯ ಗುಂಡಿಗೆ ತಾಕುತ್ತಿತ್ತು. ಆಟದ ಮನೆ ಕಟ್ಟಿಕೊಂಡು ಒಳಗೆ ನುಸುಳಿದವಳ ಹಿಂದೆಯೇ ರಾಶಿ ಕುಸಿದಿತ್ತು.

ಕೆರೆಯಿಂದ ಬಂದ ರಂಜಿತ ಮಗಳನ್ನು ಅವುಚಿಕೊಂಡು ಕೂತುಬಿಟ್ಟಳು. ಚಿನ್ನು ಅವಳ ಕಿವಿಯಲ್ಲಿ ಹೇಳಿದಳು: "ನಾನು ಕರದೆ ಅಮ್ಮ. ತುಂಬಾ ಸಲ ಕರದೆ. ನೀನು ಬರ್ಲೇ ಇಲ್ಲ."

ಮನೆಯಲ್ಲಿ ಯಾರೂ ರಂಜಿತಳನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು ಎಂದು ಅವಳು ಆಮೇಲೆ ಹೇಳಿದ್ದುಂಟು. ಮಾರನೆಯ ದಿನ ಸಂತೋಷ್ ಹಿಂದಿನ ದಿನದ ಪಾರ್ಸಲ್ಲು ತಂದಾಗ ಬಾಗಿಲಲ್ಲೇ ನಿಂತು, "ಬ್ಯಾಡ ಕಣಪ್ಪ, ವಾಪಸ್ ತಗಂಡೋಗು. ಇನ್ನ್ ಮೇಲೆ ಏನೂ ತರ್ಸಕ್ಕಿಲ್ಲ" ಎಂದಳು. ಫೋನಿನಲ್ಲಿದ್ದ ಅಂಗಡಿಗಳನ್ನೆಲ್ಲ ಅಳಿಸಿದಳು. ಆಮೇಲೂ ಎಷ್ಟೋ ದಿನ ಮಧ್ಯಾಹ್ನವಾದರೆ ಬೆರಳು ತಾನಾಗಿ ಗಾಳಿಯಲ್ಲಿ ಮೇಲಕ್ಕೆ ಸರಿಯುತ್ತಿತ್ತು.

ಮಧ್ಯಾಹ್ನದ ಆ ಹೊತ್ತಿಗೇ ಅವಳು ಒಳಕೋಣೆಗೆ ಹೋಗತೊಡಗಿದಳು. ದಿನಕ್ಕೆ ಒಂದು ಪೆಟ್ಟಿಗೆ. ಮರಿ ಹುಟ್ಟುವ ಮೊದಲೇ ತರಿಸಿದ್ದ ಬೂಟುಗಳು ಹಾಗೇ ಇದ್ದವು. ಅವನ ಕಾಲು ಅವುಗಳನ್ನು ಹಾಕದೆಯೇ ದಾಟಿ ಬೆಳೆದಿತ್ತು. ಚೀಟಿ ಕೂಡ ಕೀಳದ ಫ್ರಾಕುಗಳು. ಒಂದೊಂದನ್ನು ಬಿಡಿಸಿದಾಗಲೂ ಅದನ್ನು ತರಿಸಿದ ಮಧ್ಯಾಹ್ನ ನೆನಪಾಗುತ್ತಿತ್ತು. ಆ ದಿನ ಮರಿಗೆ ಜ್ವರವಿತ್ತು, ಆ ದಿನ ಮಳೆ, ಆ ದಿನ ಸುಮ್ಮನೆ ಅಳು ಬಂದಿತ್ತು. ಬಟ್ಟೆಯನ್ನು ಮಡಿಸುತ್ತ ತಾನು ಬೇರೆ ಯಾರದೋ ಮನೆಯ ಸಾಮಾನು ನೋಡುತ್ತಿದ್ದೇನೆ ಅನಿಸುತ್ತಿತ್ತು.

ಮೊದಲ ವಾರವೇ ತಪ್ಪಾಯಿತು. ಹಳೆಯದೆಲ್ಲ ಹೋಗಲಿ ಎಂದು ಒಂದು ಮೂಟೆಯನ್ನು ಗುಜರಿಯವನಿಗೆ ಕೊಟ್ಟಳು. ಅದರಲ್ಲಿ ಚಿನ್ನು ಆಡುತ್ತಿದ್ದ, ಒಂದೇ ಕಿವಿ ಉಳಿದಿದ್ದ ಬಟ್ಟೆಯ ಮೊಲವೂ ಹೋಯಿತು. ಸಂಜೆ ಚಿನ್ನು ಮನೆಯೆಲ್ಲ ಹುಡುಕಿ, ತಿಳಿದಾಗ ನೆಲಕ್ಕೆ ಬಿದ್ದು ಅತ್ತಳು. ಮರಿ ಅಕ್ಕನನ್ನು ನೋಡಿ ತಾನೂ ಅತ್ತ. ಕುಮಾರ್ ಗುಜರಿ ಗಾಡಿಯನ್ನು ಹುಡುಕಿಕೊಂಡು ಪಕ್ಕದ ಊರಿನವರೆಗೂ ಹೋಗಿ ಬರಿಗೈಯಲ್ಲಿ ಬಂದ.

"ಮಗೀನ ಕೇಳ್ದೆ ಮಗೀನ್ ಸಾಮಾನು ಕೊಡ್ಬುಟ್ರೆ ಎಂಗೆ?" ಎಂದರು ಚಿಕ್ಕಬೋರಮ್ಮ.

ಅಂದಿನಿಂದ ಮಕ್ಕಳನ್ನೂ ಕೂರಿಸಿಕೊಂಡು ಕೇಳಿಯೇ ತೆಗೆಯುವುದಾಯಿತು. ಚಿನ್ನು ಉಳಿಸಿಕೊಂಡದ್ದು ವಿಚಿತ್ರವಾಗಿತ್ತು. ದೊಡ್ಡ ಗೊಂಬೆಗಳು ಬೇಡವೆಂದಳು. ಒಂದು ಡಬ್ಬದ ಮುಚ್ಚಳ, ನಾಲ್ಕು ಬಣ್ಣದ ಕಡ್ಡಿ, ಒಂದು ಖಾಲಿ ರಟ್ಟಿನ ಪೆಟ್ಟಿಗೆ ಬೇಕೆಂದಳು. ಮರಿ ಚಕ್ರವಿಲ್ಲದ ಸ್ಕೂಟರಿನಿಂದ ಇಳಿಯಲೇ ಇಲ್ಲ. ಅದು ಉಳಿಯಿತು.

ಉಳಿದದ್ದನ್ನು ಎಲ್ಲಿಗೆ ಕಳಿಸುವುದು? ಎರಡು ದೊಡ್ಡ ಚೀಲ ಹೊತ್ತು ಬಸ್ಸಿನಲ್ಲಿ, ಸಿಂಧಘಟ್ಟದಲ್ಲೇ ಮದುವೆಯಾಗಿದ್ದ ದೊಡ್ಡಕ್ಕನ ಮನೆಗೆ ಹೋದಳು. ಉಮ ಚೀಲ ನೋಡಿಯೇ ಸೊಂಟದ ಮೇಲೆ ಕೈಯಿಟ್ಟಳು. "ನಿನ್ ಮನೆ ಖಾಲಿ ಮಾಡಕ್ಕೆ ನನ್ ಮನೆ ತುಂಬಕ್ ಬಂದಿದ್ದೀಯಾ? ನಮ್ಮಟ್ಟಿ ಐಕ್ಳಿಗೇ ಎರಡು ಬೀರು ಬಟ್ಟೆ ಅವೆ ಕಣೆ." ಅಕ್ಕತಂಗಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಕ್ಕು ನಕ್ಕು ರಂಜಿತಳಿಗೆ ಕಣ್ಣಲ್ಲಿ ನೀರು ಬಂತು. ಚೀಲಗಳು ಅದೇ ಬಸ್ಸಿನಲ್ಲಿ ವಾಪಸ್ಸು ಬಂದವು.

ಕೊನೆಗೆ ಕುಮಾರನೇ ಕ್ವಾರಿಯ ಕಡೆಯ ಶೆಡ್ಡುಗಳ ಮಾತೆತ್ತಿದ. ಒಂದು ಭಾನುವಾರ ಬೈಕಿನಲ್ಲಿ ಹೋದರು. ಕಲ್ಲಿನ ಪುಡಿ ಬಿದ್ದು ಅಲ್ಲಿನ ಗಿಡಗಳೆಲ್ಲ ಬೆಳ್ಳಗಿದ್ದವು. ಬಿಸಿಲಿನಲ್ಲೇ ಬೆಳದಿಂಗಳು ಬಿದ್ದ ಹಾಗೆ. ಹೆಜ್ಜೆ ಇಟ್ಟರೆ ಸದ್ದಿಲ್ಲ. ಶೆಡ್ಡಿನ ನೆರಳಲ್ಲಿ ಒಬ್ಬಳು ಮಗುವಿಗೆ ತಲೆ ಬಾಚುತ್ತಿದ್ದಳು. ಹೆಸರು ಇಂದ್ರಮ್ಮ, ನಾಗಮಂಗಲದ ಕಡೆಯವಳು. ಗಂಡನೊಂದಿಗೆ ಕೆಲಸವಿದ್ದಲ್ಲಿಗೆ ಹೋಗುವವಳು. ರಂಜಿತ ಚೀಲ ಬಿಚ್ಚಿ ಎಲ್ಲವನ್ನೂ ಚಾಪೆಯ ಮೇಲೆ ಹರಡಿದಳು. ಇಂದ್ರಮ್ಮ ಕೈ ಒರೆಸಿಕೊಂಡು ಒಂದೊಂದನ್ನೂ ಎತ್ತಿ, ಹೊಲಿಗೆ ನೋಡಿ, ಮಗಳ ಬೆನ್ನಿಗೆ ಹಿಡಿದು ಅಳತೆ ಮಾಡಿ, ಮೂರು ಅಂಗಿ ಆರಿಸಿಕೊಂಡಳು.

"ಎಲ್ಲ ಮಡಿಕ್ಕಳಿ" ಎಂದಳು ರಂಜಿತ.

"ಸಾಕು ಕಣಕ್ಕ. ನಾಳೆ ಇನ್ನೊಂದ್ ಕಡೆ ಓಗ್ಬೇಕು. ಎರಡ್ ಗಂಟ್ನಲ್ಲಿ ಇಡಿಸ್ಬೇಕು ನಮ್ದೆಲ್ಲ." ಹೇಳಿ, ಹರಡಿದ್ದರ ಕಡೆ ನೋಡಿ, "ಚೆಂದಾಗವೆ" ಎಂದಳು. ಆಸೆಯಿಂದಲೂ ಅಲ್ಲ, ಬೇಸರದಿಂದಲೂ ಅಲ್ಲ. ಮೂರು ಅಂಗಿಗಳನ್ನು ಮಡಿಸಿ ಪಕ್ಕಕ್ಕಿಟ್ಟು ಮತ್ತೆ ಬಾಚಣಿಗೆ ಹಿಡಿದಳು. ಉಳಿದ ಶೆಡ್ಡುಗಳ ಹೆಂಗಸರು ಬಂದು ತಮಗೆ ಬೇಕಾದಷ್ಟು ತೆಗೆದುಕೊಂಡರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ರಂಜಿತ, ತನ್ನದು ಎನ್ನುವುದೆಲ್ಲ ಎಷ್ಟು ಗಂಟಾಗಬಹುದು ಎಂದು ಮನಸ್ಸಿನಲ್ಲೇ ಕಟ್ಟಿ ಬಿಚ್ಚಿ ನೋಡುತ್ತಿದ್ದಳು.

ಕೆಲಸ ಮುಗಿಯಲು ಐದು ತಿಂಗಳು ಹಿಡಿಯಿತು. ಕೋಣೆ ಬರಿದಾಗುತ್ತ ಬಂದಂತೆ ಚಿಕ್ಕಬೋರಮ್ಮನಿಗೆ ಕಸಿವಿಸಿಯಾಯಿತು. "ಬರೀ ಗೋಡೆ ಕಾಣ್ತದೆ. ಬಂದೋರು ಏನಂದಾರು? ಇರೋದ್ನೆಲ್ಲ ಮಾರ್ಕಂಡ್ರು ಅಂದಾರು" ಎಂದು ಗೊಣಗಿದರು. ಆದರೆ ಒಂದು ಬೆಳಿಗ್ಗೆ ತಾವೇ ತಮ್ಮ ತಗಡಿನ ಟ್ರಂಕನ್ನು ನಡುಮನೆಗೆ ಎಳೆದು ತಂದರು. ಮದುವೆ ಮುಂಜಿಗಳಲ್ಲಿ ಮಡಿಲಿಗೆ ಬಿದ್ದ ರವಿಕೆ ಕಣಗಳು, ಮೂವತ್ತು ವರ್ಷದವು, ಮಡಿಕೆಯಲ್ಲೇ ಸವೆದಿದ್ದವು. "ನನ್ನವ್ನೂ ನೋಡ್ಬುಡು ಮಗಾ. ನಾನೂ ಯಾವತ್ತೋ ಒಂದಿನ ಅಂತ ಮಡಗ್ದೆ. ಆ ದಿನ ಬರ್ನಿಲ್ಲ" ಎಂದರು. ಅತ್ತೆ ಸೊಸೆ ಇಡೀ ಬೆಳಗು ಕೂತು ಆ ಕಣಗಳನ್ನು ಒಂದಕ್ಕೊಂದು ಜೋಡಿಸಿ, ಮಕ್ಕಳಿಗೆ ಒಂದು ಕೌದಿಗೆ ಆಗುವಷ್ಟನ್ನು ಎತ್ತಿಟ್ಟರು.

ಕೊನೆಯ ಪೆಟ್ಟಿಗೆ ಹೋದ ದಿನ ಕಿಟಕಿ ತೆರೆಯಿತು. ಅದರಾಚೆ ಪಕ್ಕದವರ ಕಬ್ಬು ಹೂ ಬಿಟ್ಟು ಬೂದಿ ಬಿಳುಪಿನಲ್ಲಿ ತೂಗುತ್ತಿತ್ತು. ವರ್ಷಗಳಿಂದ ಅದು ಅಲ್ಲೇ ಇದ್ದಿತು. ಗಾಳಿ ಒಳಬಂದು ನೆಲವನ್ನೆಲ್ಲ ಸವರಿಕೊಂಡು ಹೋಯಿತು. ಚಿನ್ನು ಬಾಗಿಲಲ್ಲಿ ನಿಂತು "ಓ" ಎಂದಳು. ಕೋಣೆ ಅವಳಿಗೆ "ಓ" ಎಂದಿತು. ಮರಿ ಗಾಬರಿಯಿಂದ ಅಕ್ಕನ ಕೈ ಹಿಡಿದ. ಆಮೇಲೆ ಇಬ್ಬರೂ ಒಳಗೆ ನುಗ್ಗಿ ತಲೆ ಸುತ್ತುವವರೆಗೂ ಗಿರಗಿರನೆ ತಿರುಗಿದರು.

ಈಗ ಆ ಮನೆಗೆ ಹೋದರೆ ಆ ಕೋಣೆಯಲ್ಲಿ ಒಂದು ಚಾಪೆ ಮಾತ್ರ ಕಾಣುತ್ತದೆ. ರಂಜಿತಳ ಆಸೆ ಪೂರ್ತಿ ಹೋಗಿಲ್ಲ. ಸಂತೋಷ್ ಪಕ್ಕದ ಮನೆಗೆ ಬಂದರೆ ಅವಳ ಎದೆ ಈಗಲೂ ಒಮ್ಮೆ ಜಿಗಿಯುತ್ತದೆ. ಅದನ್ನು ಅವಳು ಮುಚ್ಚಿಡುವುದಿಲ್ಲ.

ಮೊನ್ನೆ ಮರಿಯ ಚಪ್ಪಲಿ ಹರಿದಿತ್ತು. ಅವನನ್ನು ಎತ್ತಿಕೊಂಡು ಪಾಂಡವಪುರದ ಅಂಗಡಿಗೆ ಹೋಗಿ, ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಒಂದು ಜೊತೆ ತೆಗೆದುಕೊಂಡಳು. "ಇನ್ನೇನ್ ಕೊಡ್ಲಮ್ಮಾ?" ಎಂದು ಅಂಗಡಿಯವನು ಕೇಳಿದ. ರಂಜಿತ ನಿಜವಾಗಿಯೂ ಯೋಚಿಸಿದಳು. ತಲೆಯೊಳಗೆ ಏನೂ ಬರಲಿಲ್ಲ. "ಅಷ್ಟೇ ಕಣಣ್ಣ" ಎಂದಳು. ಬಸ್ಸಿನಲ್ಲಿ ಮರಿ ಎರಡೂ ಕಾಲನ್ನು ಮುಂದಕ್ಕೆ ಚಾಚಿ ಹೊಸ ಚಪ್ಪಲಿಯನ್ನೇ ನೋಡುತ್ತ ಕೂತ. ಆಮೇಲೆ ಕಿಟಕಿಯಾಚೆ ಕುಂತಿ ಬೆಟ್ಟ ಬಂತು. ಅವನು ಚಪ್ಪಲಿ ಮರೆತು ಬೆಟ್ಟಕ್ಕೆ ಕೈ ಬೀಸಿದ.